ನಾಲ್ಕನೆಯ ಕಟ್ಟಡದ ಕಿಟಕಿ

ಜನವರಿ 6

ನಕ್ಷೆ ಕಚೇರಿಯ ಫೋಟೋ ಪರಿಶೀಲಕರಿಗೆ,

ನೀವು ಸಿದ್ಧಪಡಿಸಿರುವ ‘ಹಳೆಯ ವಿಮಾನ ಬಯಲು: ಏಳು ಕಟ್ಟಡಗಳ ಗುರುತು’ ಎಂಬ ಕಿರುಹೊತ್ತಗೆಯಲ್ಲಿ ಹೇಳಿರುವಂತೆ ನಾಲ್ಕನೆಯ ಕಟ್ಟಡ ಬಾಂಬುಗಳ ಉಗ್ರಾಣವಾಗಿರಲಿಲ್ಲ. ಅದು ಮನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಾವಧಾನವಾಗಿ ಬರೆಯಬಹುದು.

ಯುದ್ಧದ ಕಾಲದಲ್ಲಿ ಆ ಬಯಲಿನ ಬೇಲಿಯ ಈಚೆ, ನೌಕರರ ವಸತಿಯ ಸಾಲಿನಲ್ಲಿ ನಾನು ಬೆಳೆದೆ. ನನ್ನ ತಂದೆ ಅಲ್ಲಿ ನೌಕರಿಯಲ್ಲಿದ್ದರು. ಆಗ ನನಗೆ ಆರು ವರ್ಷ. ಈಗ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ. ನೆನಪನ್ನೂ ಊಹೆಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುವುದು ನನಗೆ ಗೊತ್ತು.

ಮೇಲಿನಿಂದ ತೆಗೆದ ಫೋಟೋಗಳನ್ನು ನೋಡಿ ಅದು ಇದು ಎಂದು ಹೇಳುವುದು ಕಷ್ಟದ ಕೆಲಸವೆಂದು ಒಪ್ಪುತ್ತೇನೆ. ವಿಮಾನ ನಿಲ್ಲಿಸುವ ಹ್ಯಾಂಗರನ್ನು ಬಾಗಿಲಿನ ಹಳಿಗಳಿಂದ ಗುರುತಿಸಿದ್ದೀರಿ, ಸರಿ. ಹತೋಟಿ ಗೋಪುರ ಸರಿ. ಮೂರನೆಯದನ್ನು ‘ನೀರಿನ ಗೋಪುರ’ ಎಂದಿದ್ದೀರಿ, ತಪ್ಪು. ಅದು ಪ್ಯಾರಾಚೂಟುಗಳನ್ನು ನೇತುಹಾಕಿ ಒಣಗಿಸುತ್ತಿದ್ದ ಕೋಣೆ. ಅದಕ್ಕೇ ಅಷ್ಟು ಎತ್ತರ, ಅಷ್ಟು ಕಿರಿದು. ಬಾಗಿಲು ತೆರೆದಾಗ ಒಳಗೆ ಬಿಳಿಯ ಬಟ್ಟೆ ಗಾಳಿಗೆ ಉಸಿರಾಡುವುದನ್ನು ನಾವು ಮಕ್ಕಳು ಬೇಲಿಯಿಂದ ನೋಡುತ್ತಿದ್ದೆವು.

ಇನ್ನು ನಾಲ್ಕನೆಯದು. ಪುಟ ಹನ್ನೊಂದರಲ್ಲಿ, ‘ಗೋಡೆಯ ಮೇಲಿನ ನಾಲ್ಕು ಕಪ್ಪು ಚೌಕಗಳು ಬಹುಶಃ ಕಲೆಗಳು’ ಎಂದು ಬರೆದಿದ್ದೀರಿ. ಅವು ಕಲೆಗಳಲ್ಲ, ಕಿಟಕಿಗಳು. ಬಾಂಬು ಇಡುವ ಕೋಣೆಗೆ ಯಾರಾದರೂ ಪರದೆ ಕಟ್ಟಿದ ಕಿಟಕಿ ಇಡುತ್ತಾರೆಯೇ? ಮೂರು ಕಡೆ ಕಾಣುವ ಮಣ್ಣಿನ ದಿಬ್ಬ ಹೂವಿನ ಪಾತಿಯಾಗಿರಬೇಕು.

ಕೊನೆಯದಾಗಿ, ಅದೇ ಪುಟದಲ್ಲಿ ‘ಕಟ್ಟಡಗಳು ಇದೆ’ ಎಂದು ಅಚ್ಚಾಗಿದೆ. ‘ಇವೆ’ ಎಂದಾಗಬೇಕು.

ಫೋನ್ ಮಾಡಬೇಡಿ. ಎದುರಿಗಿದ್ದವರ ತುಟಿ ನೋಡಿದರೆ ಮಾತು ತಿಳಿಯುತ್ತದೆ. ಫೋನಿಗೆ ತುಟಿ ಇಲ್ಲ. ಕಾಗದದಲ್ಲೇ ಉತ್ತರಿಸಿ.

ನಿವೃತ್ತ ಮುಖ್ಯೋಪಾಧ್ಯಾಯಿನಿ


ಜನವರಿ 14

ಮಾನ್ಯ ಟೀಚರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಇದೆ’ಯನ್ನು ‘ಇವೆ’ ಮಾಡಿದ್ದೇನೆ. ಮಾಡುವಾಗ ಬೆನ್ನು ನೆಟ್ಟಗಾಯಿತು.

ಮೂರನೆಯ ಕಟ್ಟಡದ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹಳೆಯ ಕಡತದಲ್ಲಿ ಪ್ಯಾರಾಚೂಟು ಕೋಣೆಗೆ ರಾಟೆ ಮತ್ತು ಹಗ್ಗ ತರಿಸಿದ ಚೀಟಿ ಸಿಕ್ಕಿತು. ಎರಡು ವರ್ಷದಿಂದ ಅದನ್ನು ನೀರಿನ ಗೋಪುರ ಅಂದುಕೊಂಡು ಕೂತಿದ್ದೆ. ಕಚೇರಿಯಲ್ಲಿ ನನ್ನನ್ನು ಎಲ್ಲರೂ ‘ಭೂತಗನ್ನಡಿ’ ಎಂದು ಕರೆಯುತ್ತಾರೆ. ಇವತ್ತು ಬೆಳಿಗ್ಗೆ ಪಕ್ಕದ ಮೇಜಿನವರು, “ಏನಯ್ಯಾ ಭೂತಗನ್ನಡಿ, ಆರು ವರ್ಷದ ಹುಡುಗಿ ಬರಿಗಣ್ಣಲ್ಲಿ ನೋಡಿದ್ದು ನಿಂಗೆ ಕನ್ನಡಿ ಇಟ್ಕೊಂಡೂ ಕಾಣ್ಲಿಲ್ವಲ್ಲ!” ಎಂದು ನಕ್ಕರು.

ನಾಲ್ಕನೆಯದರ ಬಗ್ಗೆ ಕೆಲವು ಸಣ್ಣ ಪ್ರಶ್ನೆಗಳು. ಬೇಸರಿಸಬೇಡಿ.

ಅದು ಉಳಿದ ಕಟ್ಟಡಗಳಿಂದ ತುಂಬ ದೂರ ಇದೆ. ಲಾರಿ ದಾರಿ ಅದರ ಸುತ್ತ ಬಳಸಿ ಹೋಗುತ್ತದೆ. ಆದರೆ ಬಾಗಿಲಿಗೆ ಹೋಗುವ ಕಾಲುದಾರಿ ಯಾವ ಫೋಟೋದಲ್ಲೂ ಕಾಣುವುದಿಲ್ಲ. ಜನ ವಾಸವಿರುವ ಮನೆಯ ಮುಂದೆ ಹುಲ್ಲು ಸವೆದೇ ಸವೆಯುತ್ತದೆ. ಎಷ್ಟು ಎತ್ತರದಿಂದ ನೋಡಿದರೂ ಬಿಳಿ ದಾರದ ಹಾಗೆ ಕಾಣುತ್ತದೆ. ಇಲ್ಲಿ ಅದು ಇಲ್ಲ. ಬಟ್ಟೆ ಒಣಹಾಕುವ ಹಗ್ಗವಿಲ್ಲ, ಹೊಗೆಯ ಮಸಿಯಿಲ್ಲ. ಆ ಮನೆಯಿಂದ ಯಾರಾದರೂ ಹೊರಗೆ ಬಂದದ್ದನ್ನು ನೋಡಿದ ನೆನಪಿದೆಯೇ? ಈಗ ಆ ಪಾಯದ ಸುತ್ತ ನೆಲ ಎಲ್ಲಾದರೂ ಕುಸಿದಿದೆಯೇ? ಸುಮ್ಮನೆ ಕುತೂಹಲ.

ಫೋಟೋ ಪರಿಶೀಲಕ


ಜನವರಿ 19

ಪರಿಶೀಲಕರಿಗೆ,

ಅಡ್ಡಹೆಸರುಗಳನ್ನು ಕಚೇರಿಯ ಕಾಗದದಲ್ಲಿ ಬರೆಯುವುದು ಶೋಭೆಯಲ್ಲ. ಆದರೂ ನಕ್ಕೆ.

ನಿಮ್ಮ ಕಾಲುದಾರಿಯ ವಾದ ನನಗೆ ಹಿಡಿಸಲಿಲ್ಲ. ಗೌರವಸ್ಥರು ಹುಲ್ಲು ತುಳಿಯದೆ ನಡೆಯುತ್ತಾರೆ. ಪ್ರತಿ ಮನೆಯ ಮುಂದೆಯೂ ಒದ್ದೆ ಬಟ್ಟೆ ಜೋತಾಡಬೇಕೆಂಬ ನಿಯಮವೇನೂ ಇಲ್ಲ. ನೆಲ ಕುಸಿಯುವ ಮಾತು ಯಾಕೆ ಬಂತೋ ತಿಳಿಯಲಿಲ್ಲ. ಕುಸಿದಿಲ್ಲ.

ಯಾರಾದರೂ ಇದ್ದರೇ ಎಂದು ಕೇಳಿದ್ದೀರಿ. ಇದ್ದರು. ಎಡಗಡೆಯಿಂದ ಎರಡನೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ಇರುತ್ತಿದ್ದರು. ನಸುಹಸಿರು ಪರದೆಯನ್ನು ಒಂದು ಬದಿಗೆ ಸರಿಸಿ, ತಲೆಯನ್ನು ಸ್ವಲ್ಪ ಬಾಗಿಸಿ ಕೂದಲು ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ಎಡಗೈಯಲ್ಲಿ. ಇಷ್ಟು ಸೂಕ್ಷ್ಮ ವಿವರವನ್ನು ಯಾರೂ ಕಟ್ಟಿ ಹೇಳಲಾರರು. ತಂದೆ ಕೆಲಸ ಮುಗಿಸಿ ಬಂದ ಮೇಲೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇಲಿಯವರೆಗೆ ಕರೆದುಕೊಂಡು ಹೋಗುತ್ತಿದ್ದರು. “ಅಲ್ ನೋಡು, ಕಂಡ್ರಾ?” ಎನ್ನುತ್ತಿದ್ದರು. ನಾನು ಕೈ ಬೀಸುತ್ತಿದ್ದೆ. ಅವರು ಹೊರಗೆ ಬಂದದ್ದನ್ನು ನೋಡಿಲ್ಲ. ಆದರೆ ಎಲ್ಲ ಹೆಂಗಸರೂ ಬೀದಿಗೆ ಬಂದು ನಿಲ್ಲುವುದಿಲ್ಲ.

ಬಾಂಬುಗಳ ಉಗ್ರಾಣದಲ್ಲಿ ಯಾರೂ ದಿನಾ ಕೂತು ತಲೆ ಬಾಚಿಕೊಳ್ಳುವುದಿಲ್ಲ. ಆದ್ದರಿಂದ ಅದು ಮನೆ. ಇದನ್ನು ನನ್ನ ಸಹಿಯೊಂದಿಗೆ ಪ್ರತ್ಯಕ್ಷದರ್ಶಿಯ ಹೇಳಿಕೆಯೆಂದು ಬೇಕಾದರೆ ಇಟ್ಟುಕೊಳ್ಳಿ. ಆದರೆ ನಕ್ಷೆಯನ್ನು ತಿದ್ದುವ ಕೆಲಸ ತಿಂಗಳೊಳಗೆ ಆಗಲಿ. ತಪ್ಪು ಎಷ್ಟು ದಿನ ಅಚ್ಚಿನಲ್ಲಿ ನಿಲ್ಲುತ್ತದೋ ಅಷ್ಟು ದಿನ ಅದರಿಂದ ಯಾರಿಗೋ ತೊಂದರೆ ಇರುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯಿನಿ


ಜನವರಿ 27

ಮಾನ್ಯ ಟೀಚರಿಗೆ,

ನಕ್ಷೆ ತಿದ್ದಲಾಗಿದೆ. ನಾಲ್ಕನೆಯ ಕಟ್ಟಡ ಈಗ ‘ವಾಸದ ಮನೆ’. ನಿಮ್ಮ ಹೇಳಿಕೆಯ ನಕಲನ್ನು ಲಗತ್ತಿಸಿ ನಿಮ್ಮ ಜಿಲ್ಲಾ ಕಚೇರಿಗೂ ಕಳಿಸಿದ್ದೇವೆ.

ಕಾಲುದಾರಿ ಇಲ್ಲದ್ದು ನನ್ನ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತಿದೆ ಎಂದು ಮೇಲಧಿಕಾರಿಗೆ ಹೇಳಿದೆ. ಅವರು, “ಮೂರನೇದು ಅವರು ಹೇಳಿದ್ದೇ ಸರಿ ಆಯ್ತಲ್ಲಪ್ಪ. ಕಣ್ಣಾರೆ ಕಂಡೋರಿಗಿಂತ ನಿನ್ನ ಕನ್ನಡಿ ದೊಡ್ಡದಾ?” ಎಂದರು. ದೊಡ್ಡದಲ್ಲ. ನಾನೂ ಸಹಿ ಹಾಕಿದೆ.

ಆ ಬಯಲಿನಲ್ಲಿ ಕೆಲಸ ಮಾಡಿದ ಎಂಜಿನಿಯರೊಬ್ಬರ ಮಗಳು ತಂದೆಯ ಆಲ್ಬಮ್ಮು ಕಳಿಸುವುದಾಗಿ ಹೇಳಿದ್ದಾರೆ. ನೆಲದ ಮೇಲೆ ನಿಂತು ತೆಗೆದ ಫೋಟೋಗಳಂತೆ. ಬಂದರೆ ನಿಮಗೂ ನಕಲು ಕಳಿಸುತ್ತೇನೆ. ನಿಮ್ಮ ಆ ಕಿಟಕಿಯೂ ಸಿಗಬಹುದು.

ಫೋಟೋ ಪರಿಶೀಲಕ


ಫೆಬ್ರವರಿ 12

ಪರಿಶೀಲಕರಿಗೆ,

ಕೃತಜ್ಞತೆ ಹೇಳುವುದರಲ್ಲಿ ನಾನು ಜಿಪುಣಿಯೆಂದು ಹೆಸರಾದವಳು. ಇಂದು ಧಾರಾಳವಾಗಿ ಹೇಳುತ್ತಿದ್ದೇನೆ.

ಈಗ ಒಂದು ವಿಷಯ ತಿಳಿಸಬಹುದು. ನಾಲ್ಕನೆಯ ಕಟ್ಟಡ ಬಿದ್ದುಹೋಗಿ ದಶಕಗಳಾದವು. ಅದರ ಪಾಯದ ಮೇಲೆ ನಿಂತಿರುವುದು ನಾನು ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯ ಚಿಕ್ಕ ಮಕ್ಕಳ ಕೊಠಡಿ. ಕೊಠಡಿಯ ಹಿಂದೆ ನೀರಿನ ತೊಟ್ಟಿ ಕಟ್ಟಲು ಎಲ್ಲವೂ ಸಿದ್ಧವಾಗಿತ್ತು. ಅಷ್ಟರಲ್ಲಿ ನಿಮ್ಮ ಕಿರುಹೊತ್ತಗೆ ಬಂದು ಜಿಲ್ಲಾ ಕಚೇರಿಯವರು ಅನುಮತಿ ತಡೆಹಿಡಿದರು. ಮಕ್ಕಳು ಕೊಡ ಹೊತ್ತು ಬೀದಿ ದಾಟುವುದನ್ನು ನೋಡುತ್ತಾ ನಾನು ಸುಮ್ಮನೆ ಕೂರಬೇಕಿತ್ತೇ? ಮೊದಲೇ ಹೇಳಿದ್ದರೆ ಸ್ವಾರ್ಥದ ಮಾತೆಂದು ತಳ್ಳಿಹಾಕುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ.

ಅನುಮತಿ ಬಂದು ಮೊನ್ನೆಯಿಂದ ಗುಂಡಿ ತೋಡುತ್ತಿದ್ದಾರೆ. ಕೊಠಡಿಯ ಗೋಡೆಯಿಂದ ನಾಲ್ಕು ಗಜ ದೂರ. ನಾನು ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ತೋಡುವವನಿಗೆ ಎಲ್ಲರೂ ಮೀಸೆ ಎನ್ನುತ್ತಾರೆ. ಕೆಲಸಕ್ಕಿಂತ ಮಾತು ಹೆಚ್ಚು. ನಿನ್ನೆ ಎದೆಮಟ್ಟ ಇಳಿದಾಗ ಹಾರೆ ನಿಲ್ಲಿಸಿದ.

“ಟೀಚರ್, ಕೆಳಗೆ ಏನೋ ಠಣ್ ಅಂತು.”

ಹೊಸ ಹೆಡ್ಮಾಸ್ಟರು ಮೇಲಿನಿಂದಲೇ, “ಹಳೇ ಪೈಪ್ ಇರ್ಬೇಕು ಕಣೋ. ಒಡೆದ್ರೆ ಒಡೀಲಿ, ಹಾಕು ಇನ್ನೊಂದೇಟು” ಎಂದರು.

“ಪೈಪ್ ಹಿಂಗೆ ಮಧ್ಯ ಹೊಟ್ಟೆ ಬಿಟ್ಕೊಂಡಿರಲ್ಲ ಸಾರ್.”

“ನಿನ್ ಹೊಟ್ಟೆ ನೋಡ್ಕೊ ಮೊದ್ಲು.”

ಎಲ್ಲರೂ ನಕ್ಕರು. ಶಾಲೆಯ ಗಂಟೆ ಬಾರಿಸುವ ಗಂಟೆಯಮ್ಮನಂತೂ ಕಣ್ಣೊರೆಸಿಕೊಂಡಳು. ಪಕ್ಕಕ್ಕೆ ತೋಡು, ಆಮೇಲೆ ಎಬ್ಬಿಸಿದರಾಯಿತು ಎಂದು ನಾನು ಹೇಳಿದೆ. ಚಿಕ್ಕ ಮಕ್ಕಳ ಕೊಠಡಿಯ ಕಿಟಕಿಯಲ್ಲಿ ಮುಖಗಳು ತುಂಬಿಹೋಗಿದ್ದವು. ಅವುಗಳಲ್ಲಿ ನನ್ನ ತಮ್ಮನ ಮೊಮ್ಮಗಳೂ ಇದ್ದಳು. ಮಾತು ನಿಲ್ಲಿಸುವುದೇ ತಿಳಿಯದ್ದರಿಂದ ಮನೆಯಲ್ಲಿ ಅವಳನ್ನು ಪಟಪಟಿ ಎನ್ನುತ್ತೇವೆ. “ಅಜ್ಜೀ, ನೀರು ಬಂತಾ?” ಎಂದು ಕ್ಷಣಕ್ಕೊಮ್ಮೆ ಕೂಗುತ್ತಿದ್ದಳು.

ತೊಟ್ಟಿಯಾದ ಮೇಲೆ ಒಮ್ಮೆ ಬನ್ನಿ. ಮೊದಲ ಲೋಟ ನೀರು ನಿಮಗೆ.

ನಿವೃತ್ತ ಮುಖ್ಯೋಪಾಧ್ಯಾಯಿನಿ


ಫೆಬ್ರವರಿ 12

ಮಾನ್ಯ ಟೀಚರಿಗೆ,

ಆಲ್ಬಮ್ಮು ಬಂತು. ಮೂರು ಫೋಟೋಗಳ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಮೂರರಲ್ಲೂ ನಾಲ್ಕನೆಯ ಕಟ್ಟಡ ಇದೆ. ಮೂರರಲ್ಲೂ ನಿಮ್ಮ ಹೆಂಗಸು ಇದ್ದಾರೆ. ನಿಮ್ಮ ನೆನಪು ಎಷ್ಟು ನಿಖರ! ಎಡಗಡೆಯಿಂದ ಎರಡನೆಯ ಕಿಟಕಿ, ಸರಿಸಿದ ಪರದೆ, ಬಾಗಿದ ತಲೆ, ಎಡಗೈಯಲ್ಲಿ ಬಾಚಣಿಗೆ.

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಫೋಟೋಗಳ ಹಿಂದೆ ಎಂಜಿನಿಯರರು ತಾರೀಖು, ಸಮಯ ಎರಡನ್ನೂ ಬರೆದಿದ್ದಾರೆ. ಮೊದಲನೆಯದು ಒಂದು ಬೆಳಿಗ್ಗೆ ಒಂಬತ್ತಕ್ಕೆ. ಎರಡನೆಯದು ಅದೇ ದಿನ ಸಂಜೆ ಐದಕ್ಕೆ. ಮೂರನೆಯದು ಐದು ತಿಂಗಳ ನಂತರ. ಮೂರರಲ್ಲೂ ಬಾಚಣಿಗೆ ಕೂದಲಿನಲ್ಲಿ ಅದೇ ಜಾಗದಲ್ಲಿದೆ. ಅಳತೆಪಟ್ಟಿ ಇಟ್ಟು ನೋಡಿದೆ. ಐದು ತಿಂಗಳಾದರೂ ಅವರು ತಲೆ ಬಾಚಿ ಮುಗಿಸಿಲ್ಲ.

ಇನ್ನೊಂದು. ಸಂಜೆಯ ಫೋಟೋದಲ್ಲಿ ಮರ, ಕಂಬ, ಲಾರಿ ಎಲ್ಲದರ ನೆರಳೂ ಬಲಕ್ಕೆ ಬಿದ್ದಿದೆ. ಕಿಟಕಿಯ ಚೌಕಟ್ಟಿನ ನೆರಳು ಮಾತ್ರ ಬೆಳಗಿನಂತೆ ಎಡಕ್ಕೇ ಇದೆ.

ಶತ್ರುವಿನ ವಿಮಾನಗಳನ್ನು ದಾರಿ ತಪ್ಪಿಸಲು ಕೆಲವು ಗೋಡೆಗಳ ಮೇಲೆ ಬಣ್ಣದಲ್ಲಿ ಕಿಟಕಿ, ಬಾಗಿಲು, ಬಳ್ಳಿ ಬರೆಯುತ್ತಿದ್ದರು. ನೆರಳನ್ನೂ ಬರೆಯುತ್ತಿದ್ದರು. ಅಂಥ ಕೆಲಸ ಅಲ್ಲಿ ನಡೆದದ್ದು ನಿಮಗೆ ಗೊತ್ತೇ? ಯಾರು ಮಾಡುತ್ತಿದ್ದರು? ಕಡತದಲ್ಲಿ ಒಂದು ಚೀಟಿ ಇದೆ: ‘ಪೇಂಟರಿಗೆ ಸೂಚನೆ. ಕಿಟಕಿಗಳು ಸಾಕು. ಹೆಂಗಸಿನ ಚಿತ್ರ ಅನಗತ್ಯ, ಅಳಿಸತಕ್ಕದ್ದು.’ ಅಳಿಸಿದ ಹಾಗೆ ಕಾಣುವುದಿಲ್ಲ.

ನಾನು ತಪ್ಪಿರಬಹುದು. ಫೋಟೋಗಳನ್ನು ಒಮ್ಮೆ ಬೆಳಕಿನಲ್ಲಿ ಹಿಡಿದು ನೋಡಿ, ಆದಷ್ಟು ಬೇಗ ಎರಡು ಸಾಲು ಬರೆಯಿರಿ.

ಫೋಟೋ ಪರಿಶೀಲಕ


ಫೆಬ್ರವರಿ 16

ಪರಿಶೀಲಕರಿಗೆ,

ನಿಮ್ಮ ಪತ್ರವೂ ಮೂರು ಚಿತ್ರಗಳೂ ತಲುಪಿದವು. ಚಿತ್ರಗಳು ಮಸುಕಾಗಿವೆ. ಇಷ್ಟು ಹಳೆಯ ಫೋಟೋಗಳಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಕೆಲವರು ನಿತ್ಯವೂ ಒಂದೇ ಹೊತ್ತಿಗೆ ಒಂದೇ ರೀತಿ ಕೂರುವುದುಂಟು.

ಈ ವಿಷಯದಲ್ಲಿ ನನ್ನ ಹೇಳಿಕೆ ನಿಮ್ಮಲ್ಲಿದೆ. ಹೆಚ್ಚಿನ ಪತ್ರವ್ಯವಹಾರ ಅಗತ್ಯವಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯಿನಿ


ಫೆಬ್ರವರಿ 16

ಟೀಚರ್,

ಗುಂಡಿ ತೋಡುತ್ತಿರುವುದನ್ನು ತಿಳಿಸಿದ ನಿಮ್ಮ ಪತ್ರ ಈಗ ಬಂತು.

ಕೂಡಲೇ ಶಾಲೆಗೆ ಫೋನ್ ಮಾಡಿದೆ. ಹೆಡ್ಮಾಸ್ಟರು ಸಿಕ್ಕರು. ಕೆಲಸ ನಿಲ್ಲಿಸಿ ಅಂದೆ. “ಯಾರ್ರೀ ನೀವು? ನಕ್ಷೇಲಿ ಮನೆ ಅಂತ ಬರೆದು ಕಳಿಸಿದ್ದು ನಿಮ್ಮ ಆಫೀಸೇ ತಾನೆ? ನಮ್ಮ ಟೀಚರು ಬರೆದುಕೊಟ್ಟಿದ್ದಾರೆ, ಅವರು ಹೇಳಿದ್ದು ತಪ್ಪಾಗಿದ್ದು ಈ ಊರಲ್ಲಿ ಯಾರೂ ಕಂಡಿಲ್ಲ. ಏನಿದ್ರೂ ಲಿಖಿತವಾಗಿ ಕಳಿಸಿ” ಎಂದು ಫೋನ್ ಇಟ್ಟರು. ಮೇಲಧಿಕಾರಿ ಪ್ರವಾಸದಲ್ಲಿದ್ದಾರೆ. ಜಿಲ್ಲಾ ಕಚೇರಿಯವರೂ ಲಿಖಿತವಾಗಿ ಕೇಳುತ್ತಾರೆ. ಎಲ್ಲರ ಕೈಯಲ್ಲಿ ಇರುವ ಲಿಖಿತ ನಿಮ್ಮದು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಯುದ್ಧ ಮುಗಿದಾಗ ಉಳಿದ ಬಾಂಬುಗಳನ್ನು ಸಾಗಿಸುವ ಬದಲು ಉಗ್ರಾಣದ ಹಿಂದೆಯೇ ಹೂತುಹೋಗುವುದು ಅನೇಕ ಕಡೆ ನಡೆದಿದೆ. ನೆಲ ಕುಸಿದಿದೆಯೇ ಎಂದು ಕೇಳಿದ್ದು ಅದಕ್ಕೆ. ಅಲ್ಲಿ ಶಾಲೆ ಇರುವುದು ನನಗೆ ಗೊತ್ತಿತ್ತು. ಆ ಶಾಲೆ ನಿಮ್ಮದೆಂದು ಗೊತ್ತಿರಲಿಲ್ಲ. ನಿಮ್ಮನ್ನು ಸುಮ್ಮನೆ ಹೆದರಿಸಬಾರದೆಂದು ಕುತೂಹಲ ಅಂತ ಬರೆದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪೈಪು ಮಧ್ಯದಲ್ಲಿ ಹೊಟ್ಟೆ ಬಿಡುವುದಿಲ್ಲ ಟೀಚರ್. ಮೀಸೆ ಹೇಳಿದ್ದು ಸರಿ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಈ ಕಾಗದ ತಲುಪಲು ನಾಲ್ಕು ದಿನ. ನಾಲ್ಕು ದಿನ ಏನು ಮಾಡಲಿ?

ಭೂತಗನ್ನಡಿ


ಫೆಬ್ರವರಿ 20

ಟೀಚರ್,

ನಿಮ್ಮ ಹದಿನಾರರ ಪತ್ರ ಬಂತು. ಆರೇ ಸಾಲು. ಹನ್ನೆರಡರಂದು ನಾನು ಬರೆದ ಪತ್ರದಲ್ಲಿ ‘ನೆರಳೂ ಬಲಕ್ಕೆ ಬಿದ್ದಿದೆ’, ‘ತಪ್ಪಿರಬಹುದು’ ಎಂದೆಲ್ಲ ನೀವು ಗೀಟು ಎಳೆಯಬಹುದಾದ ಮಾತುಗಳಿದ್ದವು. ನೀವು ಒಂದನ್ನೂ ತಿದ್ದಿಲ್ಲ. ಅದನ್ನು ನೋಡಿದಾಗಲೇ ನನ್ನ ಜೀವ ಬಾಯಿಗೆ ಬಂತು.

ಹದಿನೇಳರಿಂದ ಶಾಲೆಯ ಫೋನನ್ನು ಯಾರೂ ಎತ್ತುತ್ತಿಲ್ಲ. ಜಿಲ್ಲಾ ಕಚೇರಿಯವರು, “ಅದರ ಬಗ್ಗೆ ಮಾತಾಡೋ ಹಾಗಿಲ್ಲ” ಎನ್ನುತ್ತಾರೆ. ಏನಾಗಿದೆ ಎಂದು ಕೇಳಿದರೆ ಫೋನ್ ಇಡುತ್ತಾರೆ.

ಒಂದೇ ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ಭೂತಗನ್ನಡಿ


ಮಾರ್ಚ್ 3

ಪ್ರಿಯ ಭೂತಗನ್ನಡಿ,

ಇನ್ನು ಮೇಲೆ ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ. ನನ್ನ ತಪ್ಪನ್ನು ತಿದ್ದಿದವರಲ್ಲಿ ನೀನು ಮೊದಲಿಗ. ಅಂಥವನೊಂದಿಗೆ ಬಹುವಚನದ ದೂರ ಇಟ್ಟುಕೊಳ್ಳಲಾರೆ.

ಪತ್ರಿಕೆಯಲ್ಲಿ ಬಂದ ವರದಿಯನ್ನು ನೀನು ಓದಿರಬಹುದು. ‘ಮುಖ್ಯೋಪಾಧ್ಯಾಯರ ಸಮಯಪ್ರಜ್ಞೆ, ತಪ್ಪಿದ ಅನಾಹುತ, ಘಟನೆಯ ವೇಳೆ ಶಾಲೆಗೆ ರಜೆಯಿದ್ದು ಯಾರೂ ಇರಲಿಲ್ಲ.’ ಈ ಮೂರು ಮಾತುಗಳಲ್ಲಿ ಅನಾಹುತ ತಪ್ಪಿತೆಂಬುದಷ್ಟೇ ನಿಜ. ಉಳಿದದ್ದನ್ನು ನಾನು ಬರೆಯಬೇಕು.

ಹದಿನಾರರಂದು ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಲಕೋಟೆ ಬಂತು. ಚಿತ್ರಗಳು ಮಸುಕಾಗಿರಲಿಲ್ಲ. ಮೊದಲನೆಯದನ್ನು ಬೆಳಕಿಗೆ ಹಿಡಿದ ಕ್ಷಣವೇ ಗುರುತು ಹತ್ತಿತು. ಆಕೆ ನನ್ನ ತಾಯಿ. ನನಗೆ ಐದು ವರ್ಷವಾಗಿದ್ದಾಗ ತೀರಿಕೊಂಡವರು. ಎಡಗೈಯವರು. ನನಗೆ ಅವರ ಮುಖ ನೆನಪಿರಲಿಲ್ಲ. ಬಾಗಿದ ತಲೆ ಮಾತ್ರ ನೆನಪಿತ್ತು. ಆ ನೆನಪು ಅವರದೋ ಗೋಡೆಯದೋ ಎಂದು ಈಗ ಹೇಳಲಾರೆ.

ನನ್ನ ತಂದೆ ಅಲ್ಲಿ ಪೇಂಟರಾಗಿದ್ದರು. ‘ನೌಕರಿಯಲ್ಲಿದ್ದರು’ ಎಂದು ನಿನಗೆ ಬರೆದೆ. ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದೆ. ಅವರ ಉಗುರಿನ ಸಂದಿಯ ಬಣ್ಣ ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಅಮ್ಮ ಎಲ್ಲಿ ಎಂದು ಅಳುತ್ತಿದ್ದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಳಿಸಲು ಆಜ್ಞೆಯಾದ ಚಿತ್ರವನ್ನು ಅಳಿಸದೆ, ದಿನವೂ ತೋರಿಸಿದ ಮನುಷ್ಯನ ವಿಷಯದಲ್ಲಿ ನಾನು ನಾಚಿಕೆಪಟ್ಟೆ. ಅದು ಬಣ್ಣವೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಗೊತ್ತಿರಲಿಲ್ಲವೆಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ.

ಚಿತ್ರಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಿನಗೆ ಆ ಆರು ಸಾಲು ಬರೆದು ನಾನೇ ಹೋಗಿ ಅಂಚೆಗೆ ಹಾಕಿ ಬಂದೆ. ದಾರಿಯಲ್ಲಿ ಶಾಲೆಯ ಗೋಡೆ ಸಿಗುತ್ತದೆ. ಹಾರೆಯ ಪೆಟ್ಟು ಕಿವಿಗೆ ಬೀಳಲಿಲ್ಲ, ಅಂಗಾಲಿಗೆ ಬಿತ್ತು. ಆದರೂ ನಾನು ಒಳಗೆ ಹೋಗಲಿಲ್ಲ. ಒಳಗೆ ಹೋದರೆ ಹೇಳಬೇಕಾಗುತ್ತಿತ್ತು.

ಸಂಜೆ ಪಟಪಟಿ ಶಾಲೆಯಿಂದ ಬಂದಳು. ಲಂಗದ ಮಡಿಲಲ್ಲಿ ಏನೋ ಇತ್ತು. “ಅಜ್ಜೀ, ನೋಡು! ಗುಂಡೀಲಿ ಸಿಕ್ತು. ಮೀಸೆ ಮಾಮ ನಂಗೇ ಕೊಟ್ರು. ಇಂಥದ್ದು ಇನ್ನೂ ಬೇಕಾದಷ್ಟಿದೆಯಂತೆ!” ತುಕ್ಕು ಹಿಡಿದ ತಗಡಿನ ರೆಕ್ಕೆ, ಬಾಂಬಿನ ಬಾಲಕ್ಕೆ ಇರುವಂಥದು, ಅಂಗೈಯಷ್ಟು. ಒಂದು ಅಂಚಿನಲ್ಲಿ ಹಳದಿ ಬಣ್ಣದ ಪಟ್ಟಿ, ಗೀಟುಪಟ್ಟಿ ಇಟ್ಟು ಎಳೆದಷ್ಟು ನೇರ. ಹಾಗೆ ನೇರವಾಗಿ ಪಟ್ಟಿ ಎಳೆಯುವ ಕೈ ನನಗೆ ಗೊತ್ತಿತ್ತು. ಅವಳ ಮಡಿಲಿನಿಂದ ಅದನ್ನು ನಾನು ಎರಡೂ ಕೈಯಲ್ಲಿ ಎತ್ತಿಕೊಂಡದ್ದನ್ನು ನೋಡಿ, “ಭಾರ ಇದೆಯಾ ಅಜ್ಜಿ?” ಎಂದಳು.

ಹದಿನೇಳರಂದು ಬೆಳಿಗ್ಗೆ ಮೊದಲ ಗಂಟೆಗೆ ಹೋದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೋದದ್ದು ಹತ್ತು ಗಂಟೆಗೆ. ಎರಡು ಗಂಟೆಯ ಕಾಲ ಮನೆಯಲ್ಲಿ ಕೂತು, ನನ್ನ ತಪ್ಪು ಒಪ್ಪಿಕೊಳ್ಳದೆ ಕೆಲಸ ನಿಲ್ಲಿಸುವ ಉಪಾಯ ಹುಡುಕಿದೆ. ಹುಡುಕಿ ಗುಂಡಿಯ ಬಳಿ ನಿಂತು, “ಇದರೊಳಗೆ ಹಾವಿದೆ. ಮೇಲೆ ಬಾ” ಎಂದೆ.

ಮೀಸೆ ಹಾರೆ ಎತ್ತಿದವನು ಹಾಗೆಯೇ ನಕ್ಕ. “ಹಾವಾ? ಇದ್ರೆ ಇರ್ಲಿ ಬಿಡಿ ಟೀಚರ್, ಬಾಲ ಹಿಡ್ಕೊಂಡು ಆಚೆ ಬಿಸಾಕ್ತೀನಿ. ನನ್ನ ಮೀಸೆ ನೋಡಿದ್ರೆ ಅದೇ ಓಡುತ್ತೆ.”

ಅವನ ಕಾಲಿನ ಎರಡು ಕಡೆಯಲ್ಲೂ ಮಣ್ಣಿನಿಂದ ದುಂಡಗಿನ ಬೆನ್ನುಗಳು ಎದ್ದಿದ್ದವು. ಪಕ್ಕಕ್ಕೆ ತೋಡು ಎಂದವಳು ನಾನೇ. ಹಾರೆ ಅವನ ತಲೆಯ ಮೇಲಿತ್ತು. ಅವನ ಹಿಂದೆ ಕೊಠಡಿಯ ಕಿಟಕಿಯಲ್ಲಿ ಮಕ್ಕಳ ತುಟಿಗಳು ಮಗ್ಗಿ ಹೇಳುತ್ತಿದ್ದವು.

“ಹಾವಿಲ್ಲ,” ಎಂದೆ. “ಹಾರೆ ಇಳಿಸಬೇಡ. ಅದು ಬಾಂಬು.”

ಹೆಡ್ಮಾಸ್ಟರು ಓಡಿಬಂದರು. “ಏನ್ ಟೀಚರ್ ಇದು? ನಿನ್ನೆ ಯಾರೋ ಫೋನ್ ಮಾಡಿ ಇದೇ ಕಥೆ ಹೇಳಿದ್ರು. ಮನೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?”

“ನಾನು ಬರೆದದ್ದು ತಪ್ಪು.”

“ಏನಂದ್ರಿ?”

“ತಪ್ಪು ಎಂದೆ. ನಾನು ತಪ್ಪು ಬರೆದೆ.”

ಎರಡನೆಯ ಸಲ ಹೇಳಿದಾಗ ಧ್ವನಿ ತರಗತಿಯ ಕೊನೆಯ ಬೆಂಚಿಗೂ ಮುಟ್ಟಿರಬೇಕು, ಮಗ್ಗಿ ಹೇಳುತ್ತಿದ್ದ ತುಟಿಗಳು ನಿಂತುಹೋದವು. ಹೆಡ್ಮಾಸ್ಟರು ಗುಂಡಿಯೊಳಗೆ ಬಗ್ಗಿ ನೋಡಿದರು. ಗಂಟೆಯಮ್ಮ ಮಾತ್ರ ನನ್ನ ಮುಖವನ್ನೇ ನೋಡಿದಳು. ಹನ್ನೊಂದು ವರ್ಷ ನನ್ನ ಕೈಕೆಳಗೆ ಗಂಟೆ ಬಾರಿಸಿದವಳು.

“ಅಯ್ಯೋ, ಟೀಚರು ತಪ್ಪಂತೆ!” ಎಂದು ಕಿರುಚಿದಳು. “ಟೀಚರು ತಪ್ಪು ಅಂತ ಒಪ್ಕೊಂಡ್ರು ಅಂದ್ರೆ ನಿಜವಾಗ್ಲೂ ಏನೋ ಆಗಿದೆ ಕಣ್ರೋ! ಲೋ ಮೀಸೆ, ಎದ್ದು ಬಾರೋ ಮೇಲೆ!”

ಮೀಸೆ ಹಾರೆಯನ್ನು ಮಗುವನ್ನು ಮಲಗಿಸಿದಂತೆ ನೆಲದ ಮೇಲೆ ಇಟ್ಟ. ನಿನ್ನ ಫೋನಿಗೆ ನಿಲ್ಲದ ಕೆಲಸ, ಜಿಲ್ಲಾ ಕಚೇರಿಯ ಮೊಹರಿಗೆ ನಿಲ್ಲದ ಕೆಲಸ, ಒಬ್ಬ ಸೊಕ್ಕಿನ ಹೆಂಗಸಿನ ಮುಖ ನೋಡಿ ನಿಂತಿತು.

ಮಕ್ಕಳನ್ನು ಸಾಲಾಗಿ ಹೊರಗೆ ನಡೆಸಿದೆವು. ಓಡಬಾರದು, ಕಾಲು ಎಳೆಯಬಾರದು ಎಂದೆ. ಗುಂಡಿಯ ಪಕ್ಕದಲ್ಲಿ ಹಾದುಹೋಗದೆ ಬೇರೆ ದಾರಿಯಿಲ್ಲ. ಹನ್ನೊಂದು ಮಕ್ಕಳು, ಇಪ್ಪತ್ತೆರಡು ಕಾಲು. ಒಂದೊಂದು ಹೆಜ್ಜೆಯೂ ನನ್ನ ಎದೆಯ ಮೇಲೆ ಬಿತ್ತು.

ಈಗ ಊರಿನ ಆ ಭಾಗವನ್ನೆಲ್ಲ ತೆರವು ಮಾಡಿದ್ದಾರೆ. ನಾನು ತಮ್ಮನ ಮನೆಯಲ್ಲಿದ್ದೇನೆ. ಸೈನ್ಯದವರು ಇದುವರೆಗೆ ಹತ್ತೊಂಬತ್ತನ್ನು ಎತ್ತಿದ್ದಾರೆ. ಕೊಠಡಿಯ ಪಾಯದ ಕೆಳಗೆ ಇನ್ನೂ ಇವೆಯಂತೆ. ಪ್ರತಿ ಸಲ ಎತ್ತುವ ಮುಂಚೆ ಸೈರನ್ ಕೂಗುತ್ತದೆ. ನನಗೆ ಕೇಳಿಸದು, ಪಟಪಟಿಯ ಮಾತು ನಿಂತಾಗ ತಿಳಿಯುತ್ತದೆ. ಅವಳು ಬಂದು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಾಳೆ. ಒಂದು ಬಾಂಬಿನ ಮೂತಿಯ ಬಳಿ ಹಾರೆಯ ಹೊಸ ಗಾಯವಿತ್ತು. ಅದನ್ನು ತೋರಿಸಿ ಅಧಿಕಾರಿ, “ಒಂದು ಬೆರಳು ಈಚೆ ಬಿದ್ದಿದ್ರೆ ಅಮ್ಮಾ...” ಎಂದು ನಿಲ್ಲಿಸಿದ. ಅರ್ಧ ವಾಕ್ಯವನ್ನು ಪೂರ್ತಿ ಮಾಡೆಂದು ನಾನು ಹೇಳದೆ ಬಿಟ್ಟದ್ದು ಅದೇ ಮೊದಲು.

ನಿನ್ನೆ ಹೆಡ್ಮಾಸ್ಟರು ಒಂದು ಕಾಗದ ತಂದರು. ಪತ್ರಿಕೆಯಲ್ಲಿ ಬಂದದ್ದೇ, ಅಂದವಾಗಿ ಟೈಪು ಮಾಡಿದ್ದು. ಶಾಲೆಗೆ ರಜೆಯಿತ್ತು, ಯಾರೂ ಇರಲಿಲ್ಲ ಎಂದು. “ಒಂದು ಸಹಿ ಹಾಕಿಬಿಡಿ ಟೀಚರ್. ನಿಮ್ಮ ಹೆಸರೂ ಉಳಿಯುತ್ತೆ, ನನ್ನ ಕೆಲಸಾನೂ ಉಳಿಯುತ್ತೆ. ಯಾರಿಗೂ ಏನೂ ಆಗಿಲ್ಲವಲ್ಲ?” ಎಂದರು. ಆ ಕಾಗದದಲ್ಲಿ ಭಾಷಾದೋಷ ಒಂದೂ ಇರಲಿಲ್ಲ. ನಾನು ಸಹಿ ಹಾಕಲಿಲ್ಲ. ಒಂದು ಸುಳ್ಳಿಗೆ ಸಹಿ ಹಾಕಿ ಆಗಿದೆ.

ಅವರ ಕಾಗದ ನಿಮ್ಮ ಕಚೇರಿಗೂ ಬರುತ್ತದೆ. ಅದರ ಪಕ್ಕದಲ್ಲಿ ಇದನ್ನು ಇಡು. ಜನವರಿಯ ನನ್ನ ಹೇಳಿಕೆಯನ್ನು ಹರಿಯಬೇಡ. ಅದರ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ‘ತಪ್ಪು’ ಎಂದು ಬರೆದು, ಕೆಂಪು ಶಾಯಿಯಲ್ಲಿ, ಹಾಗೆಯೇ ಕಡತದಲ್ಲಿ ಉಳಿಸು. ನಾಲ್ಕನೆಯ ಕಟ್ಟಡ ಬಾಂಬುಗಳ ಉಗ್ರಾಣ. ಕಿಟಕಿಗಳನ್ನು ಬರೆದವರು ನನ್ನ ತಂದೆ, ಪೇಂಟರು.

ಫೆಬ್ರವರಿ ಹದಿನೇಳರಂದು ಬೆಳಿಗ್ಗೆ ಹತ್ತು ಗಂಟೆಗೆ, ಶಾಲೆಗೆ ರಜೆ ಇಲ್ಲದ ದಿನ, ಗುಂಡಿಯಿಂದ ನಾಲ್ಕು ಗಜ ದೂರದ ಕೊಠಡಿಯಲ್ಲಿ ಹಾಜರಿದ್ದವರು:

ಹೊಲಿಗೆಯವನ ಹಿರಿಯ ಮಗಳು.
ಹೊಲಿಗೆಯವನ ಕಿರಿಯ ಮಗಳು.
ಅಂಚೆಯವನ ಮಗ.
ಕಾಂಪೌಂಡರನ ಅವಳಿಗಳು, ಇಬ್ಬರೂ.
ಕೊಡೆ ರಿಪೇರಿಯವನ ಮೊಮ್ಮಗ.
ನಿದ್ದೆಗಣ್ಣ ಎಂದು ಎಲ್ಲರೂ ಕರೆಯುವ ಹುಡುಗ.
ಲೈನ್‌ಮನ್ನನ ಮಗಳು.
ಬೆರಳು ಚೀಪುವ ಪುಟ್ಟಿ.
ಮೀಸೆಯ ಒಬ್ಬಳೇ ಮಗಳು.
ನನ್ನ ತಮ್ಮನ ಮೊಮ್ಮಗಳು, ಪಟಪಟಿ.

ಗುಂಡಿಯೊಳಗೆ: ಮೀಸೆ.
ಗುಂಡಿಯ ಅಂಚಿನಲ್ಲಿ: ಗಂಟೆಯಮ್ಮ, ಹೆಡ್ಮಾಸ್ಟರು, ನಾನು.

ಹದಿನಾರರಂದು, ಬೆಳಿಗ್ಗೆ ಹನ್ನೊಂದರಿಂದ ಸಂಜೆಯವರೆಗೆ ಹಾಜರಿದ್ದವರು: ಮೇಲಿನ ಎಲ್ಲರೂ, ನನ್ನೊಬ್ಬಳ ಹೊರತು.